ಅಮೆರಿಕದಲ್ಲಿ ಮನೆ ಸಾಲ: ಕ್ಲೋಸಿಂಗ್ ದಿನದಿಂದ ಹಿಂದಕ್ಕೆ ಎಣಿಸುವುದು ಹೇಗೆ

ನಮ್ಮ ಮೊದಲ ಮನೆಯ ಕ್ಲೋಸಿಂಗ್, ಅಂದರೆ ಸಾಲಪತ್ರಕ್ಕೆ ಸಹಿ ಹಾಕಿ ವ್ಯವಹಾರ ಮುಗಿಸುವ ದಿನ, ಒಂದು ಶುಕ್ರವಾರಕ್ಕೆ ನಿಗದಿಯಾಗಿತ್ತು. ಭಾನುವಾರ ಬೆಳಿಗ್ಗೆ ಗೃಹಪ್ರವೇಶ. ಅಮ್ಮ ಮೈಸೂರಿನಲ್ಲಿ ಕೂತೇ ಪಂಚಾಂಗ ನೋಡಿ ಮುಹೂರ್ತ ಇಟ್ಟಿದ್ದರು. ಪುರೋಹಿತರು ಒಪ್ಪಿದ್ದರು. ಹಾಲು ಉಕ್ಕಿಸುವ ಪಾತ್ರೆ ಕೂಡ ತಂದಾಗಿತ್ತು. ಬುಧವಾರ ರಾತ್ರಿ ಲೋನ್ ಆಫೀಸರ್ ಫೋನ್ ಮಾಡಿ, "ಸೋಮವಾರ ಕಳಿಸಿದ ಸಿಡಿ ನೀವಿನ್ನೂ ತೆರೆದೇ ಇಲ್ಲವಲ್ಲ" ಅಂದರು. ನನಗೆ ಸಿಡಿ ಅಂದರೆ ಹಾಡು ಕೇಳುವ ತಟ್ಟೆ! ಅವರು ಹೇಳಿದ್ದು ಸಾಲದ ಕೊನೆಯ ಲೆಕ್ಕದ ಕಾಗದ. ಮೇಲ್ ಹೋಗಿ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಗಾಬರಿಯಲ್ಲಿ ಆಗಲೇ ತೆರೆದು ಬಟನ್ ಒತ್ತಿದೆ. ಆದರೂ ಶುಕ್ರವಾರ ಸಹಿ ಹಾಕುವಂತಿರಲಿಲ್ಲ. ಆ ಕಾಗದ ಕೈಸೇರಿದ ಮೇಲೆ 3 ಕೆಲಸದ ದಿನ ಎಣಿಸಬೇಕಂತೆ. ಗುರುವಾರ ಒಂದು, ಶುಕ್ರವಾರ ಎರಡು, ಶನಿವಾರ ಮೂರು. ಮನೆಯ ಒಡೆತನದ ದಾಖಲೆ ನೋಡಿ ಸಹಿ ಹಾಕಿಸುವ ಟೈಟಲ್ ಕಂಪನಿಗೆ ಶನಿವಾರ ರಜೆ. ಬೀಗದ ಕೈ ಸಿಕ್ಕಿದ್ದು ಸೋಮವಾರ ಸಂಜೆ. ಅಷ್ಟರಲ್ಲಿ ಮುಹೂರ್ತ ಕಳೆದಿತ್ತು, ಆ ವಾರವೇ ಆಷಾಢ ಹಿಡಿಯಿತು. ಹಾಲು ಉಕ್ಕಿದ್ದು ಶ್ರಾವಣದಲ್ಲಿ.

ಆಮೇಲೆ ಕುಳಿತು ನಿಯಮಗಳನ್ನು ಓದಿದೆ. ಗೊತ್ತಾಗಿದ್ದು ಇಷ್ಟು: ಕಾನೂನು ಕಾಯಿಸುವ ದಿನಗಳು ತುಂಬಾ ಕಡಿಮೆ, ಮತ್ತು ಅವನ್ನು ಮೊದಲೇ ಎಣಿಸಿ ಇಡಬಹುದು. ಕ್ಲೋಸಿಂಗ್ ತಡವಾಗುವುದು ಆ ದಿನಗಳಿಂದಲ್ಲ. ಎಣಿಕೆ ಶುರುವಾಗುವುದಕ್ಕೆ ಮುಂಚೆ ನಾವು, ಸಾಲ ಕೊಡುವ ಲೆಂಡರ್, ಮನೆಗೆ ಬೆಲೆ ಕಟ್ಟುವ ಅಪ್ರೈಸರ್ ಎಲ್ಲರೂ ಸೇರಿ ಕಳೆಯುವ ದಿನಗಳಿಂದ. ರಿಯಲ್ಟರ್‌ಗಳು (ಮನೆ ದಲ್ಲಾಳಿಗಳು) ಎಲ್ಲ ತಡಕ್ಕೂ ಈ ನಿಯಮದ ಚಿಕ್ಕ ಹೆಸರಾದ "ಟ್ರಿಡ್" ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಪೂರ್ತಿ ನಂಬಬೇಡಿ.

ನಿಯಮ ಏನು, ಯಾರಿಗೆ

2015ರ ಅಕ್ಟೋಬರ್ 3ಕ್ಕೆ ಮುಂಚೆ ಸಾಲಗಾರನ ಕೈಗೆ ನಾಲ್ಕು ಬೇರೆ ಬೇರೆ ಫಾರಂ ಬರುತ್ತಿದ್ದವು. ಎರಡು ಕಾನೂನುಗಳು, ಎರಡು ಭಾಷೆ. ಕೊನೆಯ ಲೆಕ್ಕದ ಪಟ್ಟಿ ಎಷ್ಟೋ ಸಲ ಸಹಿ ಹಾಕುವ ಮೇಜಿನ ಮೇಲೇ ಮೊದಲು ಕಾಣುತ್ತಿತ್ತು. ಹಣಕಾಸು ಗ್ರಾಹಕರ ರಕ್ಷಣೆಗಿರುವ ಸಿಎಫ್‌ಪಿಬಿ ಎಂಬ ಕೇಂದ್ರ ಸಂಸ್ಥೆ ನಾಲ್ಕನ್ನೂ ಸೇರಿಸಿ ಎರಡು ಮಾಡಿತು. ಶುರುವಿನಲ್ಲಿ 3 ಪುಟದ ಲೋನ್ ಎಸ್ಟಿಮೇಟ್. ಕೊನೆಯಲ್ಲಿ 5 ಪುಟದ ಕ್ಲೋಸಿಂಗ್ ಡಿಸ್‌ಕ್ಲೋಷರ್. ಎಲ್ಲರ ಬಾಯಲ್ಲೂ ಇವು ಎಲ್‌ಇ ಮತ್ತು ಸಿಡಿ.

ಮನೆ ಕೊಳ್ಳುವ ಸಾಲ, ರೀಫೈನಾನ್ಸ್ (ಹಳೆ ಸಾಲ ತೀರಿಸಲು ತೆಗೆಯುವ ಹೊಸ ಸಾಲ) ಹೀಗೆ ಮನೆ ಅಡವಿಟ್ಟು ತೆಗೆಯುವ ಹೆಚ್ಚಿನ ಸಾಲಗಳಿಗೆ ಇದು ಅನ್ವಯಿಸುತ್ತದೆ. ಹೋಮ್ ಇಕ್ವಿಟಿ ಲೈನ್‌ಗೆ, ರಿವರ್ಸ್ ಮಾರ್ಟ್‌ಗೇಜ್‌ಗೆ ಇಲ್ಲ. ಪೂರ್ತಿ ನಗದು ಕೊಟ್ಟು ಕೊಳ್ಳುವವರಿಗೆ ಈ ತಲೆನೋವೇ ಇಲ್ಲ, ಪುಣ್ಯವಂತರು.

ಊರಲ್ಲಿ ಇತ್ತೀಚೆಗೆ ಸಾಲ ತೆಗೆದವರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ನೋಡಿರುತ್ತೀರಿ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಅದಕ್ಕೂ ಕನಿಷ್ಠ 3 ಕೆಲಸದ ದಿನದ ಗಡುವು ಇದೆ. ಆದರೆ ಅದು ಯೋಚಿಸಲು ನಮಗೆ ಸಿಗುವ ಸಮಯ. ಬೇಕೆಂದರೆ ಅದೇ ದಿನ ಸಹಿ ಹಾಕಬಹುದು. ಇಲ್ಲಿ ಹಾಗಲ್ಲ. ನಾವು ರೆಡಿ ಇದ್ದರೂ 3 ದಿನ ಕಾಯಲೇಬೇಕು.

ಹೆಜ್ಜೆ 1: "ಕೆಲಸದ ದಿನ" ಎರಡು ತರಹ ಅಂತ ತಿಳಿದುಕೊಳ್ಳಿ

ಎಣಿಕೆ ತಪ್ಪುವುದೆಲ್ಲ ಇಲ್ಲೇ. ಒಂದೇ ನಿಯಮದಲ್ಲಿ ಕೆಲಸದ ದಿನಕ್ಕೆ ಎರಡು ಅರ್ಥ ಇದೆ.

ಎಲ್‌ಇ ಕಳಿಸುವ ಗಡುವಿಗೆ, ಲೆಂಡರ್‌ನ ಕಚೇರಿ ಪೂರ್ತಿ ವ್ಯವಹಾರಕ್ಕೆ ತೆರೆದಿರುವ ದಿನ ಮಾತ್ರ ಕೆಲಸದ ದಿನ. ಶನಿವಾರ ಮುಚ್ಚಿದ್ದರೆ ಶನಿವಾರ ಲೆಕ್ಕಕ್ಕಿಲ್ಲ.

ಸಿಡಿಯ 3 ದಿನಕ್ಕೂ, ಮುಂದೆ ಹೇಳುವ 7 ದಿನಕ್ಕೂ ಭಾನುವಾರ ಮತ್ತು ಕೇಂದ್ರ ಸರ್ಕಾರದ ರಜೆ ಬಿಟ್ಟು ಉಳಿದ ದಿನಗಳೆಲ್ಲ ಕೆಲಸದ ದಿನವೇ. ಶನಿವಾರ ಯಾರೂ ಕೆಲಸ ಮಾಡದಿದ್ದರೂ ಲೆಕ್ಕಕ್ಕುಂಟು. ಇದು ನಮಗೆ ಅನುಕೂಲ. ಗುರುವಾರ ಸಿಡಿ ಕೈಸೇರಿದರೆ ಶುಕ್ರ, ಶನಿ, ಸೋಮ ಎಂದು ಎಣಿಸಿ ಸೋಮವಾರವೇ ಸಹಿ ಹಾಕಬಹುದು. ಮೂರನೇ ದಿನ ಮುಗಿಯುವವರೆಗೆ ಕಾಯಬೇಕಿಲ್ಲ, ಮೂರನೇ ದಿನವೇ ಸಾಕು.

ಹೆಜ್ಜೆ 2: ಆರು ವಿವರ ಕೊಡಿ, ಗಡಿಯಾರ ಶುರು ಮಾಡಿ

ಹೆಸರು, ಆದಾಯ, ಸೋಶಿಯಲ್ ಸೆಕ್ಯೂರಿಟಿ ನಂಬರ್, ಮನೆಯ ವಿಳಾಸ, ಅದರ ಅಂದಾಜು ಬೆಲೆ, ಬೇಕಾದ ಸಾಲದ ಮೊತ್ತ. ಈ ಆರೂ ಲೆಂಡರ್ ಕೈಗೆ ಸೇರಿದ ಕ್ಷಣ ಅದು ಕಾನೂನಿನ ಕಣ್ಣಲ್ಲಿ ಅರ್ಜಿ. ಅಲ್ಲಿಂದ 3 ಕೆಲಸದ ದಿನದೊಳಗೆ ಎಲ್‌ಇ ಹೊರಡಬೇಕು. ಶುಕ್ರವಾರ ಕೊಟ್ಟಿರಿ, ಲೆಂಡರ್‌ಗೆ ಶನಿವಾರ ರಜೆ ಅಂದುಕೊಳ್ಳಿ. ಬುಧವಾರದ ಒಳಗೆ ಕಳಿಸಬೇಕು.

ಎಷ್ಟು ಸಾಲ ಸಿಗಬಹುದೆಂದು ಮೊದಲೇ ಕೊಡುವ ಪ್ರೀ-ಅಪ್ರೂವಲ್ ಪತ್ರದ ಜೊತೆ ಎಲ್‌ಇ ಯಾಕೆ ಬರಲ್ಲ ಅಂತ ಜಾಸ್ತಿ ಜನ ಕೇಳುತ್ತಾರೆ. ಆಗ ಮನೆಯ ವಿಳಾಸ ಇರುವುದಿಲ್ಲ, ಅದಕ್ಕೇ. ಆಫರ್ ಒಪ್ಪಿಗೆಯಾದ ದಿನವೇ ವಿಳಾಸ ಕಳಿಸಿ. ಸಂಬಳದ ಚೀಟಿ, ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆಯ ಪತ್ರ) ಎಲ್ಲ ಕೂಡಿಸಿಕೊಂಡು ಆಮೇಲೆ ಕೊಡೋಣ ಅಂತ ಕಾಯಬೇಡಿ. ಎಲ್‌ಇಗೆ ಅವು ಬೇಕಿಲ್ಲ, ದಾಖಲೆ ಕೊಟ್ಟರೇ ಎಲ್‌ಇ ಎನ್ನುವ ಹಾಗೂ ಇಲ್ಲ.

ಹೆಜ್ಜೆ 3: ಹೋಲಿಸಿ ನೋಡಿ, ಆದರೆ ಬೇಗ ಹೂಂ ಅನ್ನಿ

ಎಲ್‌ಇ ಬಂದ ಮೇಲೆ "ಮುಂದುವರಿಯಿರಿ" ಅಂತ ನೀವು ಹೇಳುವ ತನಕ ಲೆಂಡರ್ ನಿಮ್ಮಿಂದ ಕ್ರೆಡಿಟ್ ರಿಪೋರ್ಟ್ ಶುಲ್ಕ ಬಿಟ್ಟು ಬೇರೆ ಹಣ ತೆಗೆದುಕೊಳ್ಳುವಂತಿಲ್ಲ. ಅಪ್ರೈಸಲ್ ಶುಲ್ಕವೂ ಇಲ್ಲ. ಶುಲ್ಕ ಕೈಗೆ ಬರದೆ ಸಾಮಾನ್ಯವಾಗಿ ಯಾರೂ ಅಪ್ರೈಸರ್‌ನನ್ನು ಕರೆಯುವುದಿಲ್ಲ. ನಿಮಗೆ ಹೇಳಲು 10 ಕೆಲಸದ ದಿನ ಸಮಯ ಇರುತ್ತದೆ. ಹತ್ತನ್ನೂ ಬಳಸಿಕೊಂಡರೆ ಅಪ್ರೈಸಲ್ ಎರಡು ವಾರ ಹಿಂದೆ ಬಿತ್ತು. 30 ದಿನದ ಕ್ಲೋಸಿಂಗ್‌ಗೆ ಒಪ್ಪಿಕೊಂಡವರಿಗೆ ಇದು ದೊಡ್ಡ ಪೆಟ್ಟು.

ಎರಡು ಮೂರು ಲೆಂಡರ್‌ಗಳ ಎಲ್‌ಇ ಒಂದೇ ದಿನ ತರಿಸಿ. ಬಡ್ಡಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ಬೇರೆ ಬೇರೆ ದಿನದ ಕಾಗದ ಹೋಲಿಸಿದರೆ ಉಪಯೋಗವಿಲ್ಲ. ಎರಡನೇ ಪುಟದ ಎ ವಿಭಾಗ ನೋಡಿ. ಲೆಂಡರ್ ತನಗಾಗಿ ತೆಗೆದುಕೊಳ್ಳುವುದು ಅಲ್ಲಿದೆ. ಬಡ್ಡಿ ಇಳಿಸಲು ಮೊದಲೇ ಕಟ್ಟುವ ಪಾಯಿಂಟ್ಸ್ ಕೂಡ ಅಲ್ಲೇ. ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ಯಾವ ಲೆಂಡರ್ ಬಂದರೂ ಅಷ್ಟೇ ಇರುತ್ತವೆ. ಅವನ್ನು ಕಡಿಮೆ ತೋರಿಸಿ ಒಟ್ಟು ಮೊತ್ತ ಕಡಿಮೆ ಅನ್ನುವವರಿಗೆ ಮರುಳಾಗಬೇಡಿ.

ಎಲ್‌ಇ ಕಳಿಸಿದ ಏಳನೇ ಕೆಲಸದ ದಿನಕ್ಕೆ ಮುಂಚೆ ಕ್ಲೋಸಿಂಗ್ ಆಗುವಂತಿಲ್ಲ. ಸೋಮವಾರ ಕಳಿಸಿದರೆ ಮುಂದಿನ ವಾರದ ಮಂಗಳವಾರ. ಹೆಸರಿಗೆ ದೊಡ್ಡ ನಿಯಮ. ಆದರೆ ಅಪ್ರೈಸಲ್, ಟೈಟಲ್ ಹುಡುಕಾಟ, ಅಂಡರ್‌ರೈಟಿಂಗ್ (ಸಾಲದ ಅರ್ಜಿಯ ಪರಿಶೀಲನೆ) ಎಲ್ಲ ಸೇರಿದರೆ ಏಳು ದಿನ ಹೇಗೂ ಮೀರುತ್ತದೆ. ಇದರಿಂದ ಯಾರ ಕ್ಲೋಸಿಂಗ್ ತಡವಾದದ್ದೂ ನಾನು ನೋಡಿಲ್ಲ.

ಹೆಜ್ಜೆ 4: ಅಂಕಿಗಳನ್ನು ನಿಲ್ಲಿಸಿ

ನಿಜವಾದ ಕೆಲಸ ಇಲ್ಲಿದೆ. ಸಿಡಿಯಲ್ಲಿ ಆದಷ್ಟೂ ನಿಂತ ಅಂಕಿ ಬೇಕು. ಹಾಗಾಗಿ ಅಂಡರ್‌ರೈಟರ್ ಹೆಚ್ಚುಕಡಿಮೆ ಒಪ್ಪುವ ತನಕ, ಬಡ್ಡಿ ಲಾಕ್ ಆಗುವ (ದರ ಬದಲಾಗದಂತೆ ನಿಗದಿಯಾಗುವ) ತನಕ, ಇನ್ಶೂರೆನ್ಸ್ ಮೊತ್ತ ಬರುವ ತನಕ ಸಾಮಾನ್ಯವಾಗಿ ಲೆಂಡರ್ ಸಿಡಿ ಕಳಿಸುವುದಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು, ಎರಡು ದಿನ ತಡವಾದರೆ ಸಿಡಿ ಎರಡು ದಿನ ತಡ, ಅದರ ಮೇಲೆ 3 ದಿನದ ಕಾಯುವಿಕೆ.

ರೇಟ್ ಲಾಕ್ ಕ್ಲೋಸಿಂಗ್ ದಿನಕ್ಕೇ ಮುಗಿಯುವಂತೆ ಮಾಡಿಸಬೇಡಿ. ಒಂದು ವಾರ ಜಾಸ್ತಿ ಇಟ್ಟುಕೊಳ್ಳಿ. ಲಾಕ್ ಮುಗಿದು ಮುಂದುವರಿಸಬೇಕಾದರೆ ಹಣ ಕೇಳುತ್ತಾರೆ. ಲಾಕ್ ಆದ ಮೇಲೆ 3 ಕೆಲಸದ ದಿನದೊಳಗೆ ತಿದ್ದಿದ ಎಲ್‌ಇ ಬರುತ್ತದೆ. ಗಾಬರಿ ಬೇಡ, ಅದು ಮಾಮೂಲು. ಆದರೆ ತಿದ್ದಿದ ಎಲ್‌ಇ ಕ್ಲೋಸಿಂಗ್‌ಗೆ ಕನಿಷ್ಠ 4 ಕೆಲಸದ ದಿನ ಮುಂಚೆ ನಿಮಗೆ ಸಿಕ್ಕಿರಬೇಕು. ಸಿಡಿ ಹೊರಟ ಮೇಲೆ ಮತ್ತೆ ಎಲ್‌ಇ ತಿದ್ದುವಂತಿಲ್ಲ.

ಅಪ್ರೈಸಲ್‌ಗೆ ಬೇರೆಯದೇ ಒಂದು 3 ದಿನ ಇದೆ. ವರದಿಯ ಪ್ರತಿ ಕ್ಲೋಸಿಂಗ್‌ಗೆ 3 ಕೆಲಸದ ದಿನ ಮುಂಚೆ ನಿಮಗೆ ಕೊಡಬೇಕು. ಈ ಕಾಯುವಿಕೆಯನ್ನು ನೀವು ಬೇಡವೆಂದು ಬರೆದುಕೊಡಬಹುದು, ಅದನ್ನು ಕೂಡ 3 ದಿನ ಮುಂಚೆಯೇ. ಸಾಲ ಮಂಜೂರು ಮಾಡುವ ಕಾಗದಗಳ ನಡುವೆ ಆ ಹಾಳೆ ಸುಮ್ನೆ ಸೇರಿಕೊಂಡಿರುತ್ತದೆ. ನಾನು ಸಹಿ ಹಾಕುವುದಿಲ್ಲ. ವರದಿ ಓದದೆ ಮನೆ ಕೊಳ್ಳುವುದು ಸರಿ ಅನ್ನಿಸಲ್ಲ.

ಇನ್ನು ನಮ್ಮವರಿಗೆ ಮಾತ್ರ ಬರುವ ಎರಡು ತೊಡಕು.

ಒಂದು, ಊರಿನಿಂದ ಬರುವ ಹಣ. ಅಪ್ಪ ಅಮ್ಮ ಡೌನ್ ಪೇಮೆಂಟ್‌ಗೆ ಸ್ವಲ್ಪ ಕೊಡುತ್ತಾರೆ. ಅದಕ್ಕೆ ಇದು ಸಾಲವಲ್ಲ, ಉಡುಗೊರೆ ಎನ್ನುವ ಗಿಫ್ಟ್ ಲೆಟರ್ ಬೇಕು, ಜೊತೆಗೆ ಅವರ ಖಾತೆಯಿಂದ ನಿಮ್ಮ ಖಾತೆಗೆ ಬಂದ ಜಾಡೂ ಬೇಕು. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿಯಲ್ಲಿ ಕಳಿಸಬಹುದು. ಮಿತಿ ದೊಡ್ಡದೇ. ತೊಡಕು ಇರುವುದು ಬ್ಯಾಂಕ್ ಶಾಖೆಯಲ್ಲಿ. ಹಣ ಕಳಿಸುವ ಎ2 ಫಾರಂ, ಪ್ಯಾನ್, ಕಳಿಸುವಾಗಲೇ ಹಿಡಿಯುವ ಟಿಸಿಎಸ್ ತೆರಿಗೆಯ ಲೆಕ್ಕ, "ಮ್ಯಾನೇಜರ್ ಇವತ್ತು ಬಂದಿಲ್ಲ, ನಾಳೆ ಬನ್ನಿ". ಮನೆ ಹುಡುಕುವಾಗಲೇ ಹಣ ತರಿಸಿ ಇಲ್ಲಿನ ಖಾತೆಯಲ್ಲಿ ಇಟ್ಟುಬಿಡಿ. ಸಿಡಿ ಹಿಂದಿನ ವಾರ ದೊಡ್ಡ ಮೊತ್ತ ಖಾತೆಗೆ ಬಿದ್ದರೆ ಅಂಡರ್‌ರೈಟರ್ ಕಡತ ಮುಚ್ಚುವುದಿಲ್ಲ, ಪ್ರಶ್ನೆ ಶುರು ಮಾಡುತ್ತಾರೆ.

ಇನ್ನೊಂದು, ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಕನ್ನಡಿಗರು ಎಷ್ಟಿಲ್ಲ! ವೀಸಾದಲ್ಲಿ ಅವರ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು ತರಹ, ಬ್ಯಾಂಕಿನಲ್ಲಿ ತಂದೆಯ ಹೆಸರು ಸೇರಿಸಿದ ಮೂರನೇ ತರಹ. ಅರ್ಜಿ ಹಾಕುವ ದಿನವೇ ಲೋನ್ ಆಫೀಸರ್‌ಗೂ ಟೈಟಲ್ ಕಂಪನಿಗೂ ಎಲ್ಲ ರೂಪಗಳನ್ನೂ ಬರೆದುಕೊಡಿ. ಎಲ್ಲವೂ ಒಬ್ಬರೇ ಎಂದು ಹೇಳುವ ಒಂದು ಅಫಿಡವಿಟ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕೊನೆಯ ದಿನ ಹೇಳಿದರೆ ಓಡಾಟ.

ಹೆಜ್ಜೆ 5: ಸಿಡಿ ಬಂದ ಗಂಟೆಯಲ್ಲೇ ತೆರೆಯಿರಿ

ಎಣಿಕೆ ಶುರುವಾಗುವುದು ಲೆಂಡರ್ ಕಳಿಸಿದ ದಿನದಿಂದಲ್ಲ, ನಿಮಗೆ ಸಿಕ್ಕ ದಿನದಿಂದ. ಸಿಕ್ಕಿದೆ ಎನ್ನಲು ಪುರಾವೆ ಇಲ್ಲದಿದ್ದರೆ, ಅಂಚೆಯಲ್ಲಾಗಲಿ ಮೇಲ್‌ನಲ್ಲಾಗಲಿ, ಕಳಿಸಿದ 3 ಕೆಲಸದ ದಿನಕ್ಕೆ ಸಿಕ್ಕಿತು ಎಂದು ಹಿಡಿಯುತ್ತಾರೆ. ಆಮೇಲೆ ಇನ್ನೂ 3 ದಿನ. ಸೋಮವಾರ ಅಂಚೆಗೆ ಹಾಕಿದರೆ ಗುರುವಾರ ಸಿಕ್ಕಿದಂತೆ, ಸಹಿ ಮುಂದಿನ ಸೋಮವಾರ. ಅದೇ ಸೋಮವಾರ ಮೇಲ್ ತೆರೆದು ಸಿಕ್ಕಿತೆಂದು ಒತ್ತಿದ್ದರೆ ಆ ವಾರದ ಗುರುವಾರವೇ ಸಹಿ. ಒಂದು ಕ್ಲಿಕ್‌ಗೆ ನಾಲ್ಕು ದಿನ.

ಇದಕ್ಕೆ ಮುಂಚೆ, ಕಾಗದ ಪತ್ರ ಇಲೆಕ್ಟ್ರಾನಿಕ್ ಆಗಿ ಕಳಿಸಬಹುದು ಎಂಬ ಒಪ್ಪಿಗೆ ಕೊಟ್ಟಿರಬೇಕು. ಶುರುವಿನಲ್ಲೇ ಕೊಡಿ. ಸಿಡಿ ಯಾವ ವಿಳಾಸದಿಂದ ಬರುತ್ತದೆ ಎಂದು ಕೇಳಿ ಅದನ್ನು ಸೇವ್ ಮಾಡಿಕೊಳ್ಳಿ. ಆಗ ನನ್ನ ಹಾಗೆ ಸ್ಪ್ಯಾಮ್ ಕೆದಕಬೇಕಾಗುವುದಿಲ್ಲ.

ಒತ್ತಿದ ಮಾತ್ರಕ್ಕೆ ಸಾಲಕ್ಕೆ ಒಪ್ಪಿದಂತಲ್ಲ. ಸಿಕ್ಕಿದೆ ಎಂದಷ್ಟೇ. ಹಾಗಾಗಿ ಮೊದಲು ಒತ್ತಿ, ಆಮೇಲೆ ನಿಧಾನಕ್ಕೆ ಓದಿ. ಪೂರ್ತಿ ಓದಿ ಆಮೇಲೆ ಒತ್ತುತ್ತೇನೆ ಎಂದು ಕೂರುವುದು ನಮ್ಮಂಥ ಜಾಗ್ರತೆಯವರು ಮಾಡುವ ತಪ್ಪು.

ಗಂಡ ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ? ಕೊಳ್ಳುವ ಸಾಲಕ್ಕೆ ಮುಖ್ಯ ಹೊಣೆಯಿರುವ ಒಬ್ಬರಿಗೆ ಸಿಕ್ಕರೆ ಕಾನೂನಿಗೆ ಸಾಕು. ಆದರೆ ಕೆಲವು ಲೆಂಡರ್‌ಗಳು ಇಬ್ಬರೂ ಒತ್ತಬೇಕು ಎನ್ನುತ್ತಾರೆ. ಒಬ್ಬರು ಆಗ ಊರಿಗೆ ಹೋಗಿದ್ದರೆ ಮೊದಲೇ ತಿಳಿಸಿಡಿ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಹತ್ತು ಅಂದರೆ ಮೈಸೂರಿನಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಸಹಿಯ ದಿನ ಅವರು ಇಲ್ಲಿರುವುದಿಲ್ಲ ಅಂದರೆ ಪವರ್ ಆಫ್ ಅಟಾರ್ನಿ ಬೇಕು. ಅದನ್ನು ಲೆಂಡರ್ ಮತ್ತು ಟೈಟಲ್ ಕಂಪನಿ ಮೊದಲೇ ನೋಡಿ ಒಪ್ಪಬೇಕು, ನೋಟರಿ ಹೇಗೆ ಮಾಡಿಸಬೇಕೆಂದೂ ಅವರೇ ಹೇಳಬೇಕು. ವಾರಗಟ್ಟಲೆ ಹಿಡಿಯುವ ಕೆಲಸ.

ಹೆಜ್ಜೆ 6: ಯಾವುದಕ್ಕೆ ಮತ್ತೆ 3 ದಿನ, ಯಾವುದಕ್ಕೆ ಇಲ್ಲ

ಸಿಡಿ ಬಂದ ಮೇಲೆ ಏನು ಬದಲಾದರೂ ಮತ್ತೆ ಕಾಯಬೇಕು ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಹೊಸದಾಗಿ 3 ದಿನ ಎಣಿಸಬೇಕಾಗುವುದು ಮೂರೇ ಕಾರಣಕ್ಕೆ.

- ಎಪಿಆರ್ (ಬಡ್ಡಿ, ಶುಲ್ಕ ಸೇರಿದ ವಾರ್ಷಿಕ ದರ) ಮಿತಿ ಮೀರಿ ತಪ್ಪಾದಾಗ. ಮಾಮೂಲಿ ಸಾಲಕ್ಕೆ ಮಿತಿ ಶೇ 0.125.
- ಸಾಲದ ಬಗೆಯೇ ಬದಲಾದಾಗ. ಸ್ಥಿರ ಬಡ್ಡಿಯಿಂದ ಬದಲಾಗುವ ಬಡ್ಡಿಗೆ ಹೋದಂತೆ.
- ಮುಂಚೆ ತೀರಿಸಿದರೆ ದಂಡ ಎಂಬ ಷರತ್ತು ಹೊಸದಾಗಿ ಸೇರಿದಾಗ.

ಎರಡನೆಯದೂ ಮೂರನೆಯದೂ ಕೊನೆಯ ವಾರ ಅಪರೂಪ. ನೋಡಬೇಕಾದ್ದು ಎಪಿಆರ್. ಕೊನೆಯ ಗಳಿಗೆಯಲ್ಲಿ ಪಾಯಿಂಟ್ಸ್ ಸೇರಿಸುವುದು, ಲಾಕ್ ಮುಗಿದು ಬಡ್ಡಿ ಏರುವುದು, ಇವೇ ಅದನ್ನು ಅಲ್ಲಾಡಿಸುವುದು. ಬಡ್ಡಿ ಇಳಿದು ಎಪಿಆರ್ ಕಡಿಮೆಯಾದರೆ ಬಹಳಷ್ಟು ಸಂದರ್ಭದಲ್ಲಿ ಕಾಯುವ ಅಗತ್ಯ ಬರುವುದಿಲ್ಲ.

ಉಳಿದದ್ದಕ್ಕೆ ಕ್ಲೋಸಿಂಗ್ ದಿನದೊಳಗೆ ತಿದ್ದಿದ ಸಿಡಿ ಕೊಟ್ಟರೆ ಆಯಿತು. ಕ್ಲೋಸಿಂಗ್‌ಗೆ ಮುಂಚೆ ಮನೆಯನ್ನು ಕೊನೆಯ ಸಲ ನೋಡುವ ವಾಕ್-ಥ್ರೂನಲ್ಲಿ ಡಿಶ್‌ವಾಷರ್ ಕೆಟ್ಟಿರುವುದು ಕಂಡು ಮಾರುವವರು 500 ಡಾಲರ್ ಬಿಟ್ಟುಕೊಟ್ಟರೆ? ಕಾಯಬೇಕಿಲ್ಲ. ಹೆಸರಿನ ಅಕ್ಷರ ತಪ್ಪಾಗಿದ್ದರೆ, ಟ್ಯಾಕ್ಸ್ ಹಂಚಿಕೆ ಒಂದೆರಡು ದಿನ ಆಚೀಚೆ ಆದರೆ? ಕಾಯಬೇಕಿಲ್ಲ. ಯಾರಾದರೂ "ಹೊಸ ಸಿಡಿ, ಮತ್ತೆ ಮೂರು ದಿನ" ಅಂದರೆ, ಮೂರರಲ್ಲಿ ಯಾವ ಕಾರಣ ಎಂದು ಬರವಣಿಗೆಯಲ್ಲಿ ಕೇಳಿ. ಕೆಲವೊಮ್ಮೆ ಅದು ಕಾನೂನಲ್ಲ, ಲೆಂಡರ್‌ನ ಒಳಗಿನ ಪದ್ಧತಿ. ಹಾಗಾದರೆ ಮೇಲಿನವರ ಹತ್ತಿರ ಮಾತಾಡಿ ನೋಡಬಹುದು.

ತುರ್ತು ಇದ್ದರೆ 3 ದಿನ ಬಿಡಿಸಿಕೊಳ್ಳಬಹುದು ಎಂಬ ಮಾತೂ ಕೇಳಿರುತ್ತೀರಿ. ನಿಜವಾದ ಹಣಕಾಸಿನ ತುರ್ತು ಆಗಿರಬೇಕು, ಮನೆ ಹರಾಜಿಗೆ ಬಂದಂಥದ್ದು. ಅದನ್ನು ನೀವೇ ವಿವರಿಸಿ ಬರೆದು ಸಹಿ ಹಾಕಬೇಕು, ಅಚ್ಚು ಹಾಕಿದ ಫಾರಂ ನಡೆಯಲ್ಲ. ಟ್ರಕ್ ಬುಕ್ ಆಗಿದೆ, ಮುಹೂರ್ತ ಇದೆ ಎನ್ನುವುದೆಲ್ಲ ತುರ್ತಲ್ಲ. ನಾನು ಕೇಳಿ ನೋಡಿದ್ದೇನೆ.

ಹೆಜ್ಜೆ 7: ಎಲ್‌ಇ, ಸಿಡಿ ಪಕ್ಕಪಕ್ಕ ಇಟ್ಟು ನೋಡಿ

ಮೂರು ದಿನ ಕೊಟ್ಟಿರುವುದೇ ಇದಕ್ಕೆ. ಲೆಂಡರ್‌ನ ಸ್ವಂತ ಶುಲ್ಕ, ಟ್ರಾನ್ಸ್‌ಫರ್ ಟ್ಯಾಕ್ಸ್ ಸರಿಯಾದ ಕಾರಣ ಇಲ್ಲದೆ ಒಂದು ಡಾಲರ್ ಕೂಡ ಏರುವಂತಿಲ್ಲ. ನೋಂದಣಿ ಶುಲ್ಕ ಮತ್ತು ಲೆಂಡರ್ ಕೊಟ್ಟ ಪಟ್ಟಿಯಿಂದ ನೀವು ಆರಿಸಿದ ಸೇವೆಗಳು ಎಲ್ಲ ಸೇರಿ ಶೇ 10ರವರೆಗೆ ಏರಬಹುದು. ಎಲ್‌ಇಯಲ್ಲಿ ಇವು 1,000 ಡಾಲರ್ ಇದ್ದರೆ ಸಿಡಿಯಲ್ಲಿ 1,100 ದಾಟಬಾರದು. ಇನ್ಶೂರೆನ್ಸ್, ಮುಂಗಡ ಬಡ್ಡಿ, ಎಸ್ಕ್ರೋ ಠೇವಣಿ (ಟ್ಯಾಕ್ಸ್, ಇನ್ಶೂರೆನ್ಸ್‌ಗೆಂದು ಲೆಂಡರ್ ಹತ್ತಿರ ಇಡುವ ಹಣ), ಪಟ್ಟಿಯ ಹೊರಗಿನಿಂದ ನೀವೇ ತಂದ ಕಂಪನಿಯ ಶುಲ್ಕ ಎಷ್ಟಾದರೂ ಬದಲಾಗಬಹುದು. ಮಿತಿ ಮೀರಿದ್ದನ್ನು ಲೆಂಡರ್ ಕ್ಲೋಸಿಂಗ್ ಆದ 60 ದಿನದೊಳಗೆ ವಾಪಸ್ ಕೊಡಬೇಕು. ಆದ್ದರಿಂದ ನೂರಿನ್ನೂರು ಡಾಲರ್ ವ್ಯತ್ಯಾಸಕ್ಕೆ ಕ್ಲೋಸಿಂಗ್ ನಿಲ್ಲಿಸಬೇಡಿ. ಮೇಲ್ ಬರೆದು ದಾಖಲೆ ಮಾಡಿಟ್ಟು ಸಹಿ ಹಾಕಿ.

ಹಣ ವೈರ್ ಮಾಡುವ ಮುಂಚೆ ಖಾತೆಯ ವಿವರವನ್ನು ಟೈಟಲ್ ಕಂಪನಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮೇಲ್‌ನಲ್ಲಿ ಬಂದ ನಂಬರಿಗಲ್ಲ, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ. "ಖಾತೆ ಬದಲಾಗಿದೆ" ಎಂಬ ಮೇಲ್ ಬಂದರೆ ಮೋಸ ಎಂದೇ ತಿಳಿಯಿರಿ.

ಹೆಜ್ಜೆ 8: ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿ

ಸಹಿಯ ದಿನವನ್ನೇ "3" ಎಂದು ಬರೆಯಿರಿ. ಭಾನುವಾರ, ರಜೆ ಬಿಟ್ಟು ಹಿಂದೆ ಹೋಗಿ 2, 1 ಬರೆಯಿರಿ. ಅದರ ಹಿಂದಿನ ಕೆಲಸದ ದಿನ ಸಿಡಿ ಕೈಯಲ್ಲಿರಬೇಕು.

2026ರ ನವೆಂಬರ್ 27, ಶುಕ್ರವಾರ ಕ್ಲೋಸಿಂಗ್ ಎಂದಿಟ್ಟುಕೊಳ್ಳಿ. ಹಿಂದಿನ ದಿನ ಥ್ಯಾಂಕ್ಸ್‌ಗಿವಿಂಗ್. ಶುಕ್ರ 3, ಬುಧ 2, ಮಂಗಳ 1. ಸಿಡಿ 23ನೇ ತಾರೀಕು ಸೋಮವಾರವೇ ಬೇಕು. ಅದೂ ಅಲ್ಲದೆ ಆ ಶುಕ್ರವಾರ ಅರ್ಧ ಅಮೆರಿಕ ರಜೆಯಲ್ಲಿರುತ್ತದೆ. ನಾನಾದರೆ ಮುಂದಿನ ವಾರಕ್ಕೆ ಹಾಕಿಸುತ್ತೇನೆ.

ಜುಲೈ 4 ಇನ್ನೂ ತಮಾಷೆ. 2026ರಲ್ಲಿ ಅದು ಶನಿವಾರ ಬಂದಿದೆ. ಸರ್ಕಾರಿ ಕಚೇರಿಗಳಿಗೆ ರಜೆ ಶುಕ್ರವಾರ 3ರಂದು. ಆದರೆ ಈ ನಿಯಮದ ಲೆಕ್ಕದಲ್ಲಿ ಶುಕ್ರವಾರ ಕೆಲಸದ ದಿನ, ಶನಿವಾರ ರಜೆ. ಹಾಗಾಗಿ 6ನೇ ತಾರೀಕು ಸೋಮವಾರ ಸಹಿ ಹಾಕಬೇಕಾದರೆ 1ನೇ ತಾರೀಕು ಬುಧವಾರ ಸಿಡಿ ಸಿಕ್ಕಿರಬೇಕು.

ರಾಜ್ಯದ ಪದ್ಧತಿಯನ್ನೂ ನೋಡಿ. 3 ದಿನದ ಎಣಿಕೆ ಸಾಲಪತ್ರಕ್ಕೆ ಸಹಿ ಬೀಳುವ ದಿನದವರೆಗೆ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಹಾಕಿದ ಒಂದೆರಡು ದಿನ ಬಿಟ್ಟು ಹಣ ಬಿಡುಗಡೆಯಾಗಿ ನೋಂದಣಿಯಾಗುವುದು ರೂಢಿ. ಅಲ್ಲಿ ಬೀಗದ ಕೈ ದಿನದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಸಹಿಯ ದಿನದಿಂದ ಎಣಿಸಿ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ದಿನ.

ರೀಫೈನಾನ್ಸ್ ಮಾಡುವವರಿಗೆ

ನೀವು ವಾಸವಿರುವ ಮನೆಯ ಸಾಲವನ್ನು ಹೊಸ ಲೆಂಡರ್ ಹತ್ತಿರ ರೀಫೈನಾನ್ಸ್ ಮಾಡಿದರೆ ಸಹಿಗೆ ಮುಂಚೆ 3 ದಿನ, ಸಹಿಯ ನಂತರ ಇನ್ನೊಂದು 3 ದಿನ. ಎರಡನೆಯದು ಮನಸ್ಸು ಬದಲಾಯಿಸಿ ರದ್ದು ಮಾಡುವ ಹಕ್ಕು. ಶುಕ್ರವಾರ ಸಹಿ ಹಾಕಿದರೆ ಶನಿ, ಸೋಮ, ಮಂಗಳ. ಮಂಗಳವಾರ ಮಧ್ಯರಾತ್ರಿಗೆ ಹಕ್ಕು ಮುಗಿಯುತ್ತದೆ, ಬುಧವಾರ ಹಣ ಹೊರಡುತ್ತದೆ. ಇಲ್ಲಿ ಹಕ್ಕಿರುವ ಪ್ರತಿಯೊಬ್ಬರಿಗೂ ಸಿಡಿ ಸಿಗಬೇಕು. ಸಾಲದಲ್ಲಿ ಹೆಸರಿಲ್ಲದಿದ್ದರೂ ಮನೆಯ ಪತ್ರದಲ್ಲಿ ಹೆಸರಿದ್ದು ಜೊತೆಗೆ ವಾಸವಿರುವ ಹೆಂಡತಿಗೂ ಅಥವಾ ಗಂಡನಿಗೂ. ಬಾಡಿಗೆಗೆ ಕೊಟ್ಟ ಮನೆಗೆ ಈ ಎರಡನೇ 3 ದಿನ ಇಲ್ಲ.

ಟ್ರಕ್, ಲೀಸ್, ಮುಹೂರ್ತ

ಅಪಾರ್ಟ್‌ಮೆಂಟಿನ ಲೀಸ್ ಕ್ಲೋಸಿಂಗ್ ದಿನಕ್ಕೇ ಮುಗಿಸಬೇಡಿ. ಎರಡು ವಾರದ ಬಾಡಿಗೆ ಜಾಸ್ತಿ ಹೋದರೂ ಹೋಟೆಲ್ ಖರ್ಚಿಗಿಂತ ಕಡಿಮೆ. ಟ್ರಕ್ ಬುಕ್ ಮಾಡುವಾಗ ದಿನ ಬದಲಾಯಿಸಲು ಎಷ್ಟು ಎಂದು ಕೇಳಿಕೊಳ್ಳಿ. ಮುಹೂರ್ತವನ್ನು ಕ್ಲೋಸಿಂಗ್ ಆದ ಎರಡನೇ ವಾರಾಂತ್ಯಕ್ಕೆ ಇಡಿಸಿ. ಮುಂದೆ ಆಷಾಢ ಹತ್ತಿರ ಇದ್ದರೆ, ಮನೆಯವರಿಗೆ ಹೇಳಿ ಒಂದರ ಬದಲು ಎರಡು ಮುಹೂರ್ತ ನೋಡಿಸಿಟ್ಟುಕೊಳ್ಳಿ. ಎರಡನೇ ಮನೆ ಕೊಂಡಾಗ ನಾವು ಹಾಗೇ ಮಾಡಿದೆವು. ಅಮ್ಮ ಪಂಚಾಂಗ ತೆಗೆಯುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: "ಆ ಸಿಡಿ ಬಂತೇನೋ?"